ಪರಾರಿಯವರ ಮನೆ

ನಮ್ಮ ಮನೆತನಕ್ಕೆ ಎರಡು ಅಡ್ಡಹೆಸರು. ಒಂದು ಪಹಣಿಯಲ್ಲಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಇನ್ನೊಂದನ್ನು ಊರವರು ಕೊಟ್ಟರು. ರೋಣದಿಂದ ಗಜೇಂದ್ರಗಡದ ಕಡೆ ಹೋಗುವಾಗ ಸಿಗುವ ನಮ್ಮೂರಿನಲ್ಲಿ ಬಸ್ಸಿಳಿದು, ಪಹಣಿಯ ಹೆಸರು ಹೇಳಿ ಮನೆ ಕೇಳಿದರೆ ಯಾರೂ ತೋರಿಸುತ್ತಿರಲಿಲ್ಲ. ಪರಾರಿಯವರ ಮನೆ ಎಂದರೆ ಸಾಕು, ಎಮ್ಮೆ ಹೊಡೆದುಕೊಂಡು ಹೊರಟವರೂ ತಿರುಗಿ ಬಂದು ಬಾಗಿಲ ತನಕ ಬಿಟ್ಟು ಹೋಗುತ್ತಿದ್ದರು.

ಮೂರನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಸಾಲೆಗೆ ತಡವಾಗಿ ಹೋದೆ. ಪರಾರಿಯವರ ಹುಡುಗಿ ಇಷ್ಟು ಹೊತ್ತು ಯಾವ ಗುಡ್ಡದಲ್ಲಿ ಅಡಗಿತ್ತು ಎಂದು ಮಾಸ್ತರರು ಕೇಳಿದರು. ವರ್ಗವೆಲ್ಲ ನಕ್ಕಿತು. ಅರ್ಥವಾಗದೆ ನಾನೂ ನಕ್ಕೆ. ಮನೆಗೆ ಬಂದು ಅದನ್ನೊಂದು ತಮಾಷೆ ಎಂಬಂತೆ ಹೇಳಿದಾಗ ಅಪ್ಪ ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದು ಹೋದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ದೊಡ್ಡಾಯಿ ತಲೆ ಎತ್ತಲಿಲ್ಲ. ಆಕೆಗೆ ಯಾವಾಗಲೂ ಕೈ ತುಂಬ ಹಸಿರು ಬಳೆ. ರೊಟ್ಟಿಯ ಸದ್ದು, ಬಳೆಯ ಸದ್ದು ಎರಡೂ ಮೊದಲಿನ ಹಾಗೆಯೇ ನಡೆದವು.

ದೊಡ್ಡಾಯಿ ಎಂದರೆ ನಮ್ಮ ಅಜ್ಜನ ಅಣ್ಣನ ಹೆಂಡತಿ. ಆ ಅಣ್ಣ, ನನ್ನ ದೊಡ್ಡಜ್ಜ, ಇಂಗ್ಲಿಷರ ಕಾಲದ ದೊಡ್ಡ ಲಡಾಯಿಯಲ್ಲಿ ಫೌಜಿಗೆ ಸೇರಿದವನು. ಹೊಳೆಆಲೂರಿನ ಟೇಶನ್ನಿನಲ್ಲಿ ರೈಲು ಹತ್ತಿ ಹೋದ. ಒಮ್ಮೆ ರಜೆಯ ಮೇಲೆ ಬಂದು ಹೋದ. ಮತ್ತೆ ಬರಲಿಲ್ಲ. ಅವನ ಬದಲಿಗೆ ಒಂದು ಕಾಗದ ಬಂತು. ಅದು ಬಂದ ದಿನದಿಂದ, ಆತ ಲಡಾಯಿಗೆ ಹೆದರಿ ಓಡಿ ಬಂದಿದ್ದಾನೆ, ಸರಕಾರದವರು ಹುಡುಕುತ್ತಿದ್ದಾರೆ, ಗಜೇಂದ್ರಗಡದ ಗುಡ್ಡದಲ್ಲಿ ಅಡಗಿದ್ದಾನೆ ಎಂದು ಊರು ನಂಬಿತು. ಗಡದ ಸಂತೆಯಲ್ಲಿ ಕಂಬಳಿ ಮಾರುತ್ತಿದ್ದುದನ್ನು ಕಂಡವರಿದ್ದರು. ಗಡ್ಡ ಬಿಟ್ಟು ಸಾಧುವಾಗಿದ್ದನ್ನು ಕಂಡವರೂ ಇದ್ದರು. ಈಗ ಆ ಗುಡ್ಡದ ಮೇಲೆ ಗಾಳಿಯ ಕಂಬಗಳು ಗರಗರ ತಿರುಗುತ್ತವೆ, ಅಡಗಲು ಒಂದು ಮರೆಯಿಲ್ಲ. ಕಂಡವರೆಲ್ಲ ಸತ್ತು ಹೋಗಿದ್ದಾರೆ. ಇದ್ದಿದ್ದರೆ ಒಬ್ಬೊಬ್ಬರನ್ನೂ ನಿಲ್ಲಿಸಿಕೊಂಡು ಕೇಳುತ್ತಿದ್ದೆ.

ದೊಡ್ಡಜ್ಜ ರಜೆ ಮುಗಿಸಿ ಹೋದ ಮೇಲೆ ಹುಟ್ಟಿದವಳು ನನ್ನ ಅತ್ತೆ. ಅಪ್ಪನ ಮುಖ ನೋಡದವಳು. ಪರಾರಿಯ ಮಗಳು ಎಂದು ಯಾವ ಮನೆಯೂ ಒಪ್ಪಲಿಲ್ಲ. ಕಡೆಗೆ ಶಿರೋಳದಲ್ಲಿ, ಹೆಂಡತಿ ಸತ್ತ, ವಯಸ್ಸಿನಲ್ಲಿ ಆಕೆಯ ಎರಡರಷ್ಟು ಇದ್ದವನಿಗೆ ಕೊಟ್ಟು ಕೈ ತೊಳೆದುಕೊಂಡರು. ಆಕೆಗೆ ಮೂವತ್ತು ತುಂಬುವಷ್ಟರಲ್ಲಿ ಆತನೂ ತೀರಿದ. ಆಗ ಬಳೆ ಒಡೆದ ಮೇಲೆ ಆಕೆ ಮತ್ತೆ ತೊಡಲಿಲ್ಲ. ಈಗ ಎಂಬತ್ತು ದಾಟಿದ್ದಾಳೆ. ನಾನು ನರಗುಂದದಲ್ಲಿ ಮಾಸ್ತರಿಕೆ ಮಾಡಿ ನಿವೃತ್ತಳಾಗಿ ಅಲ್ಲಿಯೇ ಮನೆ ಮಾಡಿಕೊಂಡಿರುವುದರಿಂದ ವಾರಕ್ಕೊಮ್ಮೆಯಾದರೂ ಶಿರೋಳಕ್ಕೆ ಹೋಗಿ ನೋಡಿ ಬರುತ್ತೇನೆ.

ನಮ್ಮ ಕಡೆ ಮಾನವಮಿ ಅಮಾವಾಸ್ಯೆಗೆ ಹಿರಿಯರ ಹಬ್ಬ. ಮನೆಯಲ್ಲಿ ಸತ್ತವರಿಗೆಲ್ಲ ಎಡೆ ಇಡುತ್ತಾರೆ. ಗಂಡಸರ ಹೆಸರಿನಲ್ಲಿ ಹೊಸ ಧೋತರ, ಹೆಂಗಸರ ಹೆಸರಿನಲ್ಲಿ ಹೊಸ ಸೀರೆ, ಮುಂದೆ ಹೋಳಿಗೆಯ ತಾಟು. ಮುತ್ತೈದೆಯಾಗಿ ಸತ್ತವಳಿಗೆ ಹಸಿರು ಸೀರೆಯ ಮೇಲೆ ಡಜನ್ ಬಳೆ, ಕುಂಕುಮದ ಬಟ್ಟಲು. ಗಂಡನ ಹಿಂದೆ ಸತ್ತವಳಿಗೆ ಬರೀ ಸೀರೆ. ಎಡೆ ಎತ್ತಿದ ಮೇಲೆ ಮುತ್ತೈದೆಯ ಸೀರೆ, ಬಳೆ ಮನೆಯ ಮುತ್ತೈದೆಗೆ ಹೋಗುತ್ತವೆ. ದೊಡ್ಡಾಯಿ ಸತ್ತು ನಾಲ್ವತ್ತು ವರ್ಷ. ಗಂಡ ಸತ್ತ ಸುದ್ದಿ ಬಾರದ ಕಾರಣ ಆಕೆಯನ್ನು ಮುತ್ತೈದೆಯಾಗಿಯೇ ಮಣ್ಣು ಮಾಡಿದರು, ಹಸಿರು ಬಳೆಯ ಎಡೆಯನ್ನೇ ಇಡುತ್ತಾ ಬಂದರು. ದೊಡ್ಡಜ್ಜನಿಗೆ ಮಾತ್ರ ಎಡೆಯಿಲ್ಲ. ಬದುಕಿರುವವನಿಗೆ ಎಡೆ ಇಡುವುದು ಅಪಶಕುನವಂತೆ. ನೂರು ದಾಟಿದ ಮೇಲೂ ಆತನನ್ನು ಬದುಕಿಸಿಟ್ಟಿದ್ದರು, ಓಡಿ ಹೋದವನೆಂದು ಬೈಯುವುದಕ್ಕೆ.

ಎರಡು ವರ್ಷದ ಹಿಂದೆ ಊರಿನಲ್ಲಿ ಹೊಸ ಹುರುಪು ಎದ್ದಿತು. ಫೌಜಿನಲ್ಲಿ ದುಡಿದವರ ಹೆಸರು ಕೆತ್ತಿದ ಕಲ್ಲನ್ನು ಪಂಚಾಯಿತಿಯ ಮುಂದೆ ನಿಲ್ಲಿಸಬೇಕೆಂದು ಹಿರಿಯರು ಕೂಡಿ ನಿಶ್ಚಯಿಸಿದರು. ಯಾದಿ ಮಾಡುವ ಮುಂದಾಳತ್ವ ನಮ್ಮ ಕಾಕಾನದು. ಅಪ್ಪನ ತಮ್ಮ, ಹಳೆಯ ಮನೆಯಲ್ಲಿ ಇರುವವನು, ಊರಲ್ಲಿ ಏನೇ ಆದರೂ ಮೊದಲ ಕುರ್ಚಿಯಲ್ಲಿ ಕೂಡುವವನು. ಯಾದಿಯಲ್ಲಿ ಫೌಜಿನ ಅಡುಗೆಯವರೂ ಇದ್ದರು, ಕುದುರೆ ತಿಕ್ಕಿದವರೂ ಇದ್ದರು. ಇರಲಿ, ಅವರೂ ದುಡಿದವರೇ. ನಮ್ಮ ದೊಡ್ಡಜ್ಜ ಇರಲಿಲ್ಲ. ಫೋನ್ ಮಾಡಿದೆ.

“ಓಡಿ ಬಂದಾವನ ಹೆಸರು ಕೆತ್ತಿಸಿದ್ರ ಉಳದಾವ್ರ ಮನಿಯವ್ರು ಏನಂತಾರ?” ಎಂದ ಕಾಕಾ. “ಸತ್ತಾನಂತ ಒಂದು ಕಾಗದಾ ತೋರ್ಸು. ನಾನ ಮುಂದ ನಿಂತು ಕೆತ್ತಸ್ತೀನಿ.”

ಸ್ವಂತ ದೊಡ್ಡಪ್ಪನ ಬಗ್ಗೆ ಹಾಗೆ ಹೇಳುವಾಗ ಆತನ ದನಿಯಲ್ಲಿ ಒಂದಿಷ್ಟು ನಾಚಿಕೆಯೂ ಇರಲಿಲ್ಲ. ನನ್ನ ಮೈ ಉರಿಯಿತು. ಅದೇ ಉರಿಯಲ್ಲಿ ಶಿರೋಳಕ್ಕೆ ಹೋಗಿ ಅತ್ತೆಯ ಮುಂದೆ ಕಾಕಾನನ್ನು ಬಾಯಿಗೆ ಬಂದಂತೆ ಬೈದೆ. ಅತ್ತೆ ಶೇಂಗಾ ಸುಲಿಯುತ್ತಾ ಕೇಳಿಸಿಕೊಂಡಳು.

“ಕಲ್ಲಿನ ಮ್ಯಾಲೆ ಇದ್ರ ಇರಲಿ, ಇಲ್ಲಂದ್ರ ಬಿಡಲಿ,” ಎಂದಳು. “ಅಪ್ಪಗ ಒಂದು ಎಡಿ ಆಗಬೇಕು ನೋಡ ತಂಗಿ. ನಾ ಹೋಗೂದ್ರಾಗ.”

ಇಷ್ಟು ವರ್ಷದಲ್ಲಿ ಆಕೆ ನನ್ನಿಂದ ಏನನ್ನೂ ಬೇಡಿದವಳಲ್ಲ. ಹಾಗಾದರೆ ಮೊದಲು ಆ ಕಾಗದದ ವಿಷಯ ಹೇಳು ಎಂದೆ. ಕಾಗದ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ನಮ್ಮ ಅಜ್ಜ ಅದನ್ನು ಚಾವಡಿಗೆ ಒಯ್ದು ನಾಲ್ಕು ಮಂದಿಯ ಮುಂದೆ ಓದಿದನಂತೆ, ಮನೆಗೆ ವಾಪಸು ತರಲೇ ಇಲ್ಲ. ಆದರೆ ಮರಾಠಿಯಲ್ಲಿದ್ದ ಆ ಕಾಗದದ ಒಂದು ಶಬ್ದ ದೊಡ್ಡಾಯಿಯ ನೆನಪಿನಲ್ಲಿತ್ತು. ಸಾಲೆಯ ಮೆಟ್ಟಿಲು ಹತ್ತದ ಹೆಂಗಸು, ಗಂಡನ ಬಗ್ಗೆ ಸರಕಾರ ಹೇಳಿದ ಒಂದೇ ಶಬ್ದವನ್ನು ಕೇಳಿದ ಹಾಗೆಯೇ ಹಿಡಿದಿಟ್ಟುಕೊಂಡು ಮಗಳಿಗೆ ದಾಟಿಸಿದ್ದಳು. ಬೇಪತ್ತಾ. ನಿನ್ನ ಗಂಡ ಬೇಪತ್ತಾ ಆಗಿದ್ದಾನೆ ಎಂದು ಅಜ್ಜ ಓದಿದನಂತೆ. ಹಾಗೆಂದರೇನು ಎಂದು ದೊಡ್ಡಾಯಿ ಬಾಗಿಲ ಮರೆಯಿಂದ ಕೇಳಿದ್ದಕ್ಕೆ, ಪರಾರಿ ಆಗಿದ್ದಾನೆ ಎಂದನಂತೆ.

ನಾನು ಟ್ರೇನಿಂಗ್ ಮಾಡಿದ್ದು ಬೆಳಗಾವಿಯಲ್ಲಿ. ಅಲ್ಲಿನ ಮರಾಠಿ ಪೇಪರುಗಳಲ್ಲಿ ಆ ಶಬ್ದವನ್ನು ದಿನ ಬಿಟ್ಟು ದಿನ ನೋಡಿದ್ದೇನೆ. ಜಾತ್ರೆಯಲ್ಲಿ ಕಳೆದುಹೋದ ಮಗು ಬೇಪತ್ತಾ. ಸಮುದ್ರಕ್ಕೆ ಹೋದ ದೋಣಿ ಬೇಪತ್ತಾ. ಎಲ್ಲಿದ್ದಾರೋ ಪತ್ತೆಯಿಲ್ಲ ಎಂದಷ್ಟೇ ಅರ್ಥ. ಓಡಿದರೆಂದಲ್ಲ, ಅಡಗಿದರೆಂದಲ್ಲ. ನಮ್ಮ ಅಜ್ಜನಿಗೆ ಮರಾಠಿ ಬರುತ್ತಿರಲಿಲ್ಲವೆ? ಚಲೋ ಬರುತ್ತಿತ್ತು. ಮುಲ್ಕಿ ಪರೀಕ್ಷೆ ಪಾಸಾದವನು, ಚಾವಡಿಯಲ್ಲಿ ಬರೆಯುವ ಕೆಲಸ ಮಾಡುತ್ತಿದ್ದವನು. ಅದೇ ಮುಳುವಾಯಿತು. ಚಾವಡಿಗೆ ಬರುವ ಪೋಲೀಸು ಕಾಗದಗಳಲ್ಲಿ ಖೂನಿ ಮಾಡಿದವನು ಬೇಪತ್ತಾ, ಎತ್ತು ಕದ್ದವನು ಬೇಪತ್ತಾ. ಅವನ್ನು ಡಂಗುರ ಹೊಡೆಸುವಾಗ ಜನಕ್ಕೆ ತಿಳಿಯಲೆಂದು ಈತನೇ ಪರಾರಿ ಎಂದು ಹೇಳಿಸುತ್ತಿದ್ದ. ಕಳ್ಳರಿಗೆ ಬಳಸಿ ರೂಢಿಯಾದ ಅರ್ಥವನ್ನು ತನ್ನ ಒಡಹುಟ್ಟಿದವನಿಗೂ ಹಚ್ಚಿದ. ಶಿರೋಳದ ಆ ಪಡಸಾಲೆಯಲ್ಲಿ, ಶೇಂಗಾ ಸಿಪ್ಪೆಯ ರಾಶಿಯ ಮುಂದೆ ಇದೆಲ್ಲ ನನಗೆ ಹೊಳೆದಾಗ ಖುಷಿಯೇನೂ ಆಗಲಿಲ್ಲ. ಸತ್ತ ಅಜ್ಜನ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಆಮೇಲೆ ಅಲೆದಾಟ. ಜಿಲ್ಲೆಯ ಕಚೇರಿಯಲ್ಲಿ ಒಬ್ಬ ಗುಮಾಸ್ತರು, ಪುಣ್ಯಾತ್ಮರು, ಪಲ್ಟನ್ನಿನ ದಫ್ತರಕ್ಕೆ ಹೇಗೆ ಬರೆಯಬೇಕೆಂದು ಹೇಳಿಕೊಟ್ಟರು. ಪಹಣಿಯ ಹೆಸರು, ತಂದೆಯ ಹೆಸರು, ಊರು, ಆಗಿನ ತಾಲೂಕು, ಆಗಿನ ಜಿಲ್ಲೆ, ಎಲ್ಲ ಬರೆದು ಕಳಿಸಿದೆ. ಮೊದಲ ಪತ್ರಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ಊರಿನ ಹೆಸರು ಹೀಗೆ ಬರೆದರೆ ಸಿಗುತ್ತಿಲ್ಲ ಎಂದು ಉತ್ತರ. ಇಂಗ್ಲಿಷಿನಲ್ಲಿ ಅದನ್ನು ಎಷ್ಟು ತರಹ ಕೆಡಿಸಬಹುದೋ ಅಷ್ಟೂ ತರಹ ಕೆಡಿಸಿ ಮೂರನೆಯದನ್ನು ಬರೆದೆ. ಅದಕ್ಕೆ ಒಂದು ಹಾಳೆ ಬಂತು.

ಇಟಲಿ ದೇಶದಲ್ಲಿ, ಮಳೆಗಾಲದಲ್ಲಿ, ಗುಂಡಿನ ನಡುವೆ ಒಂದು ನದಿ ದಾಟುವಾಗ ಕಾಣೆಯಾದ ಎಂದಿತ್ತು. ಮುಂದೆ ಯುದ್ಧದಲ್ಲಿ ಸತ್ತನೆಂದು ನಿರ್ಧರಿಸಲಾಯಿತು ಎಂದಿತ್ತು. ಅದರ ಕೆಳಗೆ ಸಣ್ಣದೊಂದು ಸಾಲು. ಮನೆಯವರಿಗೆ ತಿಳಿಸಲಾಗಿದೆ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಮನೆಯವರಿಗೆ ಎಂದರೆ ಯಾರಿಗೆ? ಕಾಗದ ಓದುವವನು ಮನೆಯಲ್ಲಿ ಒಬ್ಬನೇ ಇದ್ದ. ಅಂದರೆ ಎರಡನೆಯ ಕಾಗದವೂ ಬಂದಿತ್ತು. ಚಾವಡಿಯಲ್ಲಿ ನಾಲ್ಕು ಮಂದಿಯ ಮುಂದೆ ಅಣ್ಣ ಪರಾರಿಯೆಂದು ಓದಿ ಹೇಳಿ, ಇನ್ನು ಅವನಿಗೂ ನಮಗೂ ಸಂಬಂಧವಿಲ್ಲ ಎಂದು ದೊಡ್ಡ ಮಾತಾಡಿ ಬಂದವನಿಗೆ, ನಾನು ತಪ್ಪು ಓದಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಟಪಾಲಿನಲ್ಲಿ ಕಳೆದಿರಬಹುದು ಎಂದು ನೀವು ಹೇಳಬಹುದು. ನಾನೂ ಹಾಗೆ ನಂಬಲು ನೋಡಿದೆ. ನಂಬಿಕೆ ಬರುತ್ತಿಲ್ಲ.

ಮೊಬೈಲಿನಲ್ಲಿ ಹುಡುಕಿದಾಗ ಇನ್ನೊಂದು ಸಿಕ್ಕಿತು. ಸಮಾಧಿ ಇಲ್ಲದವರ ಹೆಸರು ಕೆತ್ತಿದ ಕಲ್ಲು ಆ ದೇಶದಲ್ಲಿದೆ. ಅದರ ಮೇಲೆ ಸಾಲಿನಲ್ಲಿ ನಮ್ಮ ದೊಡ್ಡಜ್ಜನೂ ಇದ್ದಾನೆ. ಒಂದು ಅಕ್ಷರ ತಪ್ಪಿದೆ, ಆದರೆ ಅವನೇ. ಅವನ ಊರಿಗೆ ಬೇಡವಾದ ಹೆಸರನ್ನು, ಅವನ ಭಾಷೆ ತಿಳಿಯದ ಜನ ಎಪ್ಪತ್ತು ವರ್ಷಕ್ಕೂ ಮೇಲೆ ಒರೆಸಿ ತೊಳೆದು ಇಟ್ಟಿದ್ದಾರೆ. ಅದನ್ನು ಅತ್ತೆಗೆ ತೋರಿಸಿದೆ. ಓದಲು ಬಾರದ ಆಕೆ ಪರದೆಯ ಮೇಲೆ ಬೆರಳಿಟ್ಟು ಇದೇನಾ ಎಂದು ಕೇಳಿದಳು. ಬೆರಳು ತಾಗಿ ಚಿತ್ರ ಸರಿದು ಹೋಯಿತು. ಮತ್ತೆ ತಂದು ತೋರಿಸಿದೆ.

ಹಾಳೆಯನ್ನು ಕಾಕಾನ ಮುಂದಿಟ್ಟಾಗ ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಆತ ಜಗಳವನ್ನೇ ಕೊಡಲಿಲ್ಲ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದ. ಕೊನೆಯ ಸಾಲಿಗೆ ಬಂದಾಗ ಟಪಾಲು ತಪ್ಪಿರಬೇಕು ಎಂದು ಗೊಣಗಿ ಹಾಳೆ ಮಡಚಿದ. ಮರುದಿನದಿಂದಲೇ ನಮ್ಮ ದೊಡ್ಡಪ್ಪ ಹುತಾತ್ಮ ಎಂದು ಊರೆಲ್ಲ ಹೇಳಿಕೊಂಡು ತಿರುಗತೊಡಗಿದ. ಕಲ್ಲಿನ ಮೇಲೆ ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ಹೆಸರು ಕೆತ್ತಿಸಿದ. ಸ್ವಾತಂತ್ರ್ಯ ದಿನದಂದು ಅದರ ಉದ್ಘಾಟನೆ. ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿದರು. ದೊಡ್ಡಜ್ಜನ ಫೋಟೋ ಒಂದೂ ಇಲ್ಲವಲ್ಲ, ಅದಕ್ಕೆ ಎಲ್ಲಿಂದಲೋ ತಂದ ಯಾರದೋ ಸೈನಿಕನ ಚಿತ್ರ, ಪಕ್ಕದಲ್ಲಿ ಅದರ ಎರಡರಷ್ಟು ದೊಡ್ಡದಾಗಿ ಕೈಮುಗಿದ ಕಾಕಾ. ಮನೆತನದ ರಕ್ತದಲ್ಲೇ ಶೌರ್ಯವಿದೆ ಎಂದು ಭಾಷಣ ಮಾಡಿದ. ಅತ್ತೆಯನ್ನು ಕುರ್ಚಿಯಲ್ಲಿ ಕೂಡಿಸಿ ಶಾಲು ಹೊದಿಸಿದರು. ಆಕೆಯನ್ನು ಪರಾರಿಯ ಮಗಳು ಎಂದು ಬೇಡವೆಂದಿದ್ದ ಮನೆಗಳ ಮೊಮ್ಮಕ್ಕಳೇ ಚಪ್ಪಾಳೆ ಹೊಡೆದರು. ಒಬ್ಬರಾದರೂ ತಪ್ಪಾಯಿತು ಎನ್ನಲಿಲ್ಲ. ಆ ಶಾಲನ್ನು ಕಿತ್ತು ಕಾಕಾನ ಮುಖದ ಮೇಲೆ ಒಗೆಯಬೇಕೆನಿಸಿತ್ತು. ಅತ್ತೆ ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಅಮಾವಾಸ್ಯೆ ಯಾವತ್ತು ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಅಮಾವಾಸ್ಯೆಯ ದಿನ ಮುಂಜಾನೆಯೇ ಅತ್ತೆಯನ್ನು ಶಿರೋಳದಿಂದ ಕರೆದುಕೊಂಡು ಹಳೆಯ ಮನೆಗೆ ಹೋದೆ. ದೊಡ್ಡಜ್ಜನಿಗೆಂದು ಧೋತರ, ರುಮಾಲು ನಾನೇ ಕೊಂಡಿದ್ದೆ. ದೊಡ್ಡಾಯಿಗೆಂದು ರೋಣದ ಅಂಗಡಿಯಿಂದ ಹಸಿರು ಸೀರೆ, ಒಂದು ಡಜನ್ ಬಳೆ. ದೇವರ ಮನೆಯ ಗೋಡೆಗೆ ಹಲಗೆ ಇಟ್ಟು ಅದರ ಮೇಲೆ ಹಿರಿಯರ ಬಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ದೊಡ್ಡಜ್ಜನ ಧೋತರಕ್ಕೆ ನಡುವೆ ಜಾಗ ಬಿಟ್ಟಿದ್ದರು. ಅದರ ಪಕ್ಕ ಒಂದು ಬಿಳಿ ಸೀರೆ. ಮೊದಲು ನನಗೆ ತಿಳಿಯಲಿಲ್ಲ. ನಾನು ತಂದ ಸೀರೆ, ಬಳೆಗಳನ್ನು ಇಡಲು ಹೋದಾಗ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಕೈ ಅಡ್ಡ ಹಿಡಿದಳು.

“ಇಷ್ಟ ದಿನಾ ಗೊತ್ತಿರಲಿಲ್ಲ, ಇಟ್ವಿ. ಈಗ ನೀನ ಕಾಗದಾ ತಂದೀಯಲ್ಲ. ಗಂಡ ಮದಲ ಹ್ವಾದಾಕಿಗೆ ಬಳಿ ಹ್ಯಾಂಗ ಇಡಬೇಕು?”

ಚಿಗವ್ವ ಮಾತು ಮುಂದುವರಿಸಿದಳು. ತನ್ನ ಲಗ್ನದಲ್ಲಿ ಆರತಿ ಹಿಡಿದವಳು ದೊಡ್ಡಾಯಿಯೇ ಅಲ್ಲವೆ, ತನಗೆ ಉಡಿ ತುಂಬಿದವಳೂ ಆಕೆಯೇ ಅಲ್ಲವೆ, ಗಂಡನಿಲ್ಲದವಳ ಕೈಯಿಂದ ಅದೆಲ್ಲ ಆಗಿಹೋಯಿತಲ್ಲ ಎಂದು ಹಲುಬಿದಳು. ಕಾಕಾ ಬಾಗಿಲಲ್ಲಿ ನಿಂತು ಶಾಸ್ತ್ರ ಶಾಸ್ತ್ರವೇ ಎಂದ. ನನಗೆ ತಲೆ ಕೆಟ್ಟು ಹೋಯಿತು. ಸುಳ್ಳು ಓದಿದವನು ಗಂಡಸು. ಸುಳ್ಳು ಮುಚ್ಚಿದವನು ಗಂಡಸು. ಎಂಬತ್ತು ವರ್ಷ ಅದನ್ನು ಊರಲ್ಲೆಲ್ಲ ಎಳೆದಾಡಿದವರು ಗಂಡಸರು. ಈಗ ನಿಜ ಹೊರಬಿದ್ದಾಗ ಕಾಕಾನಿಗೆ ಕಲ್ಲು, ದೊಡ್ಡಾಯಿಗೆ ಬಿಳಿ ಸೀರೆ. ಅಲ್ಲಿ ನಿಂತು ಏನೇನು ಬೈದೆನೋ ಎಲ್ಲ ನೆನಪಿಲ್ಲ. ದೇವರ ಮನೆ ಎಂದೂ ನೋಡಲಿಲ್ಲ, ವಯಸ್ಸಿಗೆ ದೊಡ್ಡವರೆಂದೂ ನೋಡಲಿಲ್ಲ. ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು, ಆ ಹಾಳೆಯನ್ನು ಬೆನ್ನು ಹತ್ತಿ ತರಿಸಿದವಳು ನಾನೇ ಎಂಬುದು. ಸತ್ತವಳ ಬಳೆ ಒಡೆಯಲು ನಾನೇ ಕಲ್ಲು ತಂದುಕೊಟ್ಟ ಹಾಗಾಗಿತ್ತು.

ಅತ್ತೆ ಇಷ್ಟು ಹೊತ್ತೂ ಗೋಡೆಗೆ ಆತು ಕೂತಿದ್ದಳು. ನಾನು ಬೈದು ಮುಗಿಸಿದಾಗ ಎದ್ದು ಬಂದು, ನನ್ನ ಕೈಯಿಂದ ಬಳೆಯ ಪೊಟ್ಟಣ ತೆಗೆದುಕೊಂಡಳು.

“ಅವ್ವಗ ಗೊತ್ತಿತ್ತು,” ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಆಕೆ ಯಾರ ಕಡೆಯೂ ನೋಡದೆ, ಎಡೆಯ ಹಲಗೆಯ ಕಡೆ ಮುಖ ಮಾಡಿಯೇ ಹೇಳಿದಳು. ಲಡಾಯಿ ಮುಗಿದ ಮೇಲೆ, ಈಕೆ ಇನ್ನೂ ಸಣ್ಣವಳಿದ್ದಾಗ, ಪಂಚಮಿಗೆ ದೊಡ್ಡಾಯಿ ಹೊಳೆಆಲೂರಿನ ತವರಿಗೆ ಹೋಗಿದ್ದಳು. ಹೊಳೆಯ ದಂಡೆಯಲ್ಲಿ ಅರಿವೆ ಒಗೆಯುವಾಗ ಅದೇ ಊರಿನ ಒಬ್ಬ ಮನುಷ್ಯ ಬಂದು ನಿಂತ. ದೊಡ್ಡಜ್ಜನ ಪಲ್ಟನ್ನಿನಲ್ಲೇ ಇದ್ದವನು. ಅಣ್ಣನ ಹೆಂಡತಿಯನ್ನು ಕರೆಯುವಂತೆ ವೈನಿ ಎಂದು ಕರೆದು, ಹೊಳೆ ದಾಟುವಾಗ ತನ್ನ ಕಣ್ಣೆದುರೇ ಆತ ಮುಳುಗಿದ್ದನ್ನು ಹೇಳಿ ಅತ್ತ. ದೊಡ್ಡಾಯಿ ಅಳಲಿಲ್ಲ. ಈ ಮಾತು ಇಲ್ಲೇ ಇರಲಿ ಎಂದು ಆತನಿಂದ ಆಣೆ ತೆಗೆದುಕೊಂಡಳು. ಒಗೆದ ಅರಿವೆ ಹಿಂಡಿಕೊಂಡು ಮನೆಗೆ ಬಂದು, ಮರುದಿನ ಬಳೆಗಾರನನ್ನು ಕರೆಸಿ ಎರಡೂ ಕೈಗೆ ಹೊಸ ಹಸಿರು ಬಳೆ ಇಡಿಸಿಕೊಂಡಳು.

“ಇಪ್ಪತ್ತು ತುಂಬಿರಲಿಲ್ಲ ಆಕಿಗೆ,” ಎಂದಳು ಅತ್ತೆ. “ಪರಾರಿ ಹೆಂಡ್ತಿ ಅನಿಸ್ಕೊಂಡ್ರೂ ಬಳಿ ಕೈಯಾಗ ಇರ್ತಾವು ಅಂದ್ಲು. ಸಾಯೂ ಮುಂದ ನನಗ ಹೇಳಿದ್ಲು. ತನ್ನ ಜೋಡಿ ಅರಿಷಿಣ ಕುಂಕುಮಾ ಹಚ್ಚಿಕೊಂಡ ತನ್ನ ವಾರಿಗಿಯಾಕಿ ಒಬ್ಬಾಕಿ ಜೀವಂತ ಇದ್ರೂ ಬಾಯಿ ಬಿಡಬ್ಯಾಡಂದ್ಲು. ಹ್ವಾದ ವರ್ಷ ಕಡೀದಾಕಿ ಹ್ವಾದ್ಲು.”

ನನ್ನ ಸಿಟ್ಟು ಈಗ ಎಲ್ಲಿಗೆ ಹೋಗಬೇಕು? ದೊಡ್ಡಾಯಿಯ ಮೇಲೂ ಹೋಯಿತು, ಸುಳ್ಳೇಕೆ ಹೇಳಲಿ. ಆಕೆಯ ಬಳೆ ಉಳಿದವು, ಮಗಳು ಪರಾರಿಯ ಮಗಳಾಗಿ ಉಳಿದಳು, ಶಿರೋಳದ ಮುದುಕನಿಗೆ ಹೋದಳು. ಅತ್ತೆಯನ್ನು ಅದನ್ನೇ ಕೇಳಿದೆ. ತನಗೂ ಬಹಳ ವರ್ಷ ಸಿಟ್ಟಿತ್ತು, ಆದರೆ ಗಂಡ ಸತ್ತ ದಿನ ಮನೆಯ ಹೆಂಗಸರೆಲ್ಲ ಸುತ್ತ ಕೂತು ತನ್ನ ಬಳೆ ಒಡೆದದ್ದನ್ನು ನೆನೆದರೆ ಅವ್ವನ ಮೇಲಿನ ಸಿಟ್ಟು ಇಳಿದುಬಿಡುತ್ತದೆ ಎಂದಳು. ಎಲ್ಲ ಗೊತ್ತಿದ್ದರೆ ನನ್ನನ್ನೇಕೆ ಎರಡು ವರ್ಷ ಅಲೆಸಿದೆ ಎಂದು ಗದರಿದೆ.

“ನಾ ಬಾಯಿಲೆ ಹೇಳಿದ್ರ ಯಾರು ನಂಬತಿದ್ರು?” ಎಂದಳು. “ಇವರಿಗೆ ಕಾಗದಾ ಬೇಕಿತ್ತು.”

ಬಿಳಿ ಸೀರೆಯನ್ನು ತೆಗೆದು ಚಿಗವ್ವನ ಕೈಗಿತ್ತಳು. ಹಸಿರು ಸೀರೆ ಇಟ್ಟಳು, ಬಳೆ ಇಟ್ಟಳು, ಕುಂಕುಮದ ಬಟ್ಟಲು ಇಟ್ಟಳು. ಪಕ್ಕದಲ್ಲಿ ಅಪ್ಪನ ಧೋತರ, ರುಮಾಲು. ಎರಡು ತಾಟು ಎಡೆ ತಾನೇ ಬಡಿಸಿದಳು. ಕಾಕಾ ಬಾಗಿಲಲ್ಲಿದ್ದವನು ಯಾವಾಗಲೋ ಪಡಸಾಲೆಗೆ ಹೋಗಿದ್ದ. ಅತ್ತೆ ಊದುಬತ್ತಿ ಹಚ್ಚಿಟ್ಟು ಕೈಮುಗಿದಳು.

ಎಡೆ ಎತ್ತುವ ಹೊತ್ತಾದಾಗ, ಪ್ರತಿ ವರ್ಷದ ರೂಢಿಯಂತೆ ಚಿಗವ್ವ ಬಳೆಗಳತ್ತ ಕೈ ಚಾಚಿದಳು. ಅತ್ತೆ ಅವನ್ನು ಮೊದಲೇ ಎತ್ತಿಕೊಂಡು ನನ್ನ ಮುಂದೆ ಕುಳಿತಳು. ತನ್ನ ಎರಡೂ ಬರಿಗೈ ಮುಂದೆ ಹಿಡಿದಳು.

“ಹಾಕ,” ಎಂದಳು.

ಐವತ್ತು ವರ್ಷ ಬಳೆ ಕಾಣದ ಕೈ. ಬೆರಳ ಗಂಟುಗಳು ಬಾತಿದ್ದವು, ಬಳೆ ಏರುತ್ತಿರಲಿಲ್ಲ. ಹಿತ್ತಿಲಿಗೆ ಹೋಗಿ ಸಾಬೂನು ನೀರು ತಂದು ಹಚ್ಚಿ, ಹೆಬ್ಬೆರಳನ್ನು ಒಳಗೆ ಒತ್ತಿ, ಒಂದೊಂದಾಗಿ ಏರಿಸಿದೆ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಏಳನೆಯದು ಗಂಟಿನ ಮೇಲೆ ಪಟ್ಟನೆ ಒಡೆದು ಚೂರು ಚುಚ್ಚಿ ರಕ್ತ ಬಂತು. ಚಿಗವ್ವ ಅಯ್ಯೋ ಎಂದು ಹಿಂದೆ ಸರಿದಳು. ಅತ್ತೆ ಕೈ ಹಿಂದೆ ತೆಗೆಯಲಿಲ್ಲ.

“ಮುಂದಿಂದು ಹಾಕ,” ಎಂದಳು.